ನಿಮಗೆ ರಕ್ತಹೀನತೆ ಇರಬಹುದಾ? ಹೀಗೆ ಲೆಕ್ಕ ಹಾಕಿ

ಕಾಯಿಲೆ ಇಲ್ಲ, ದಿನದ ಕೆಲಸ ನಡೀತಿದೆ, ಹಾಗಾದರೆ ರಕ್ತವೂ ಸರಿಯಾಗೇ ಇರಬೇಕು ಅಲ್ವಾ? ಹಾಗೇನಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾಗುವುದೇ ರಕ್ತಹೀನತೆ. ಅದು ನಿಧಾನವಾಗಿ ಇಳಿದರೆ ದೇಹ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಸುಸ್ತಾದರೂ ಕೆಲಸ ಜಾಸ್ತಿಯಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ಲಕ್ಷಣಕ್ಕೆ ಕಾಯಬೇಡಿ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಬದುಕಿನ ವಿವರ ಬರೆಯಿರಿ.

ಮೊದಲು ವಯಸ್ಸು, ಲಿಂಗ. ಜಗತ್ತಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 10ಕ್ಕೆ 3 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕು. 1 ಮಿ.ಲೀ. ರಕ್ತ ಹೋದರೆ ಅದರ ಜೊತೆ ಸುಮಾರು ಅರ್ಧ ಮಿ.ಗ್ರಾಂ. ಕಬ್ಬಿಣಾಂಶ ಹೋಗುತ್ತದೆ. ಒಂದು ಮುಟ್ಟಿನಲ್ಲಿ 80 ಮಿ.ಲೀ. ದಾಟಿದರೆ ಅದು ಅತಿಸ್ರಾವ. ಅಳೆದು ನೋಡುವವರು ಯಾರು? ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆಗಳು ಬರುತ್ತಿದ್ದರೆ ಬರೆದಿಡಿ. ಹೆರಿಗೆ ಎಷ್ಟಾಯಿತು, ನಡುವೆ ಎಷ್ಟು ಅಂತರ ಇತ್ತು ಅನ್ನುವುದನ್ನೂ ಬರೆಯಿರಿ. ಒಂದು ಬಸಿರಿಗೇ ಸುಮಾರು 1000 ಮಿ.ಗ್ರಾಂ. ಕಬ್ಬಿಣಾಂಶ ಬೇಕು. ಬೇಗ ಬೇಗ ಬಸಿರಾದರೆ ಅದು ಮತ್ತೆ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಆಮೇಲೆ ಮನೆಯ ಪರಿಸ್ಥಿತಿ. ನನ್ನ ಮಟ್ಟಿಗೆ ಇದೇ ಮುಖ್ಯ, ವೈದ್ಯರು ಕೇಳದೇ ಬಿಡುವುದೂ ಇದನ್ನೇ. ಆದಾಯ ಮತ್ತು ಓದು ಕಡಿಮೆ ಇರುವ ಕಡೆ ರಕ್ತಹೀನತೆ ಹೆಚ್ಚು ಎಂದು ಎಷ್ಟೋ ದೇಶಗಳ ಸಮೀಕ್ಷೆಗಳು ತೋರಿಸಿವೆ. ದುಡ್ಡಿಲ್ಲದಿದ್ದರೆ ಹೊಟ್ಟೆ ತುಂಬಿದರೂ ತಟ್ಟೆಯಲ್ಲಿ ಬಗೆಬಗೆಯ ಆಹಾರ ಇರುವುದಿಲ್ಲ. ಶೌಚಾಲಯ ಇಲ್ಲದ ಕಡೆ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳು ಚರ್ಮದ ಮೂಲಕ ಒಳಹೊಕ್ಕು, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಒಂದು ದಿನದ ಕೂಲಿ ಬಿಟ್ಟು ಪರೀಕ್ಷೆಗೆ ಹೋಗುವುದೂ ಎಲ್ಲರಿಗೂ ಆಗುವುದಿಲ್ಲ. ಇದು ಯಾರ ಸೋಮಾರಿತನವೂ ಅಲ್ಲ.

ಪದೇಪದೇ ರಕ್ತದಾನ ಮಾಡುತ್ತೀರಾ? ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕಡಿಮೆ ಮಾಡುವ ಟೀ, ಕಾಫಿಯನ್ನು ಊಟದ ಜೊತೆಗೇ ಕುಡಿಯುತ್ತೀರಾ? ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲವಾ? ಇವನ್ನು ಬಿಟ್ಟಿದ್ದರೆ, ರಕ್ತ ತಯಾರಾಗಲು ಬೇಕಾದ ಬಿ12 ವಿಟಮಿನ್ ಕೊರತೆಯೂ ಆಗಬಹುದು. ಈ ಉತ್ತರಗಳನ್ನೂ ಹಾಳೆಗೆ ಸೇರಿಸಿ.

ಈಗ ಪರೀಕ್ಷೆ. ಬೆರಳು ಚುಚ್ಚುವುದಕ್ಕಿಂತ ರಕ್ತನಾಳದಿಂದ ತೆಗೆದ ರಕ್ತದ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13 ಗ್ರಾಂ, ಬಸಿರಿಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಬೀಡಿ ಸಿಗರೇಟು ಸೇದುವವರಲ್ಲಿ, ಎತ್ತರದ ಪ್ರದೇಶದಲ್ಲಿ ಇರುವವರಲ್ಲಿ ಹಿಮೋಗ್ಲೋಬಿನ್ ಜಾಸ್ತಿ ಕಾಣುತ್ತದೆ. ಹಾಗಾಗಿ ಕೊರತೆ ಮರೆಯಾಗಿರಬಹುದು, ಈ ವಿಷಯ ವೈದ್ಯರಿಗೆ ಹೇಳಿ. ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗುವುದು ಅದರಲ್ಲಿ ಗೊತ್ತಾಗುತ್ತದೆ.

ವರದಿಯನ್ನು ಹಾಳೆಯ ಪಕ್ಕ ಇಟ್ಟು ನೋಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದು, ಹಾಳೆಯಲ್ಲಿ ಅದಕ್ಕೆ ಕಾರಣವೇ ಕಾಣದಿದ್ದರೆ ಇನ್ನೂ ಎಚ್ಚರ ಬೇಕು. ಗಂಡಸರು, ಮುಟ್ಟು ನಿಂತವರು ‘ವಯಸ್ಸಾಯ್ತು, ಇಷ್ಟೇ’ ಅಂತ ಬಿಡಬಾರದು. ಹೊಟ್ಟೆ, ಕರುಳಿನಲ್ಲಿ ಗೊತ್ತಾಗದಂತೆ ರಕ್ತ ಸೋರುತ್ತಿರಬಹುದು. ಕಾರಣ ತಿಳಿಯದೆ ಸುಮ್ನೆ ಕಬ್ಬಿಣಾಂಶದ ಮಾತ್ರೆ ನುಂಗಲು ಶುರು ಮಾಡಬೇಡಿ, ವೈದ್ಯರಿಗೆ ವರದಿಯ ಜೊತೆ ಆ ಹಾಳೆಯನ್ನೂ ಕೊಡಿ.