ಕಪ್ಪಿಂಗ್ ಟೇಬಲ್ ಮೇಲೆ ಐದು ಸ್ಟೌಟ್: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ಹುರಿಯುವ ಘಟಕ ಇದೆ. ಹದಿನಾಲ್ಕು ವರ್ಷದಿಂದ ನನ್ನ ದಿನ ಶುರುವಾಗುವುದೇ ಕಪ್ಪಿಂಗ್ ಟೇಬಲ್ ಮುಂದೆ, ಅಂದರೆ ಕಾಫಿಯ ರುಚಿ ನೋಡುವ ಮೇಜಿನ ಮುಂದೆ. ಪುಡಿಗೆ ಬಿಸಿನೀರು ಹುಯ್ದು, ನಾಲ್ಕು ನಿಮಿಷ ಬಿಟ್ಟು, ಮೇಲಿನ ಕೆನೆ ಒಡೆದು, ಚಮಚದಲ್ಲಿ ಸೊರ್ರಂತ ಎಳೆಯುವುದು. ನನಗೆ ಗೊತ್ತಿರುವ ಕೆಲಸ ಅದೊಂದೇ. ಬಿಯರ್ ವಿಷಯ ನನಗೆ ಬಂದಿದ್ದೇ ಈ ಟೇಬಲ್ ಮೂಲಕ.

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಹಾಸ್ಟೆಲ್ ಗೆಳೆಯ ಬೆಂಗಳೂರಿನಿಂದ ಫೋನ್ ಮಾಡಿದ. ಅಲ್ಲೊಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸುವುದು ಅವನ ಕೆಲಸ. "ಮಗಾ, ಕಾಫಿ ಹಾಕಿ ಸ್ಟೌಟ್ ಮಾಡ್ಬೇಕು ಅಂತಿದ್ದೀನಿ. ನಿಮ್ಮ ಬೀಜ ಕಳಿಸ್ತೀಯಾ?" ಅಂದ. ಸ್ಟೌಟ್ ಅಂದರೆ ಕಪ್ಪು ಬಿಯರ್, ಕಹಿ, ಸ್ಟ್ರಾಂಗು. ನನಗೆ ಗೊತ್ತಿದ್ದದ್ದು ಅಷ್ಟೇ. ಕಪ್ಪಿಗೆ ಕಪ್ಪೇ ಸರಿ ಅಂದುಕೊಂಡು, ಎಣ್ಣೆ ಹೊರಗೆ ಬಂದು ಹೊಳೆಯುವಷ್ಟು ಹುರಿದ ಬೀಜ ಕಳಿಸಿದೆ.

ಪುಣ್ಯಕ್ಕೆ ಅವನು 20 ಲೀಟರಿನಲ್ಲಿ ಮಾತ್ರ ಪ್ರಯೋಗ ಮಾಡಿದ್ದ. ಗ್ಲಾಸಿಗೆ ಹುಯ್ದರೆ ನೊರೆ ನಿಲ್ಲಲಿಲ್ಲ. ಹುಯ್ದ ಒಂದು ನಿಮಿಷಕ್ಕೆ ಮೇಲೆ ಎಣ್ಣೆಯ ತೆಳು ಪದರ. ಬಾಯಿಗೆ ಬೂದಿ ಇಟ್ಟ ಹಾಗೆ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ ಅನ್ನುವುದು ಅವತ್ತು ಕಣ್ಣಾರೆ ಕಂಡೆ. ಆದರೆ ಅವನು ಹೇಳಿದ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಇದು ಡ್ರೈ ಸ್ಟೌಟ್ ಕಣೋ. ಇದರಲ್ಲಿ ಹುರಿದ ಕಹಿ ಆಗಲೇ ಇದೆ. ಮಿಲ್ಕ್ ಸ್ಟೌಟ್ ಆಗಿದ್ರೆ ನಿನ್ನ ಬೀಜ ಸ್ವಲ್ಪ ಮಟ್ಟಿಗೆ ಒಗ್ಗುತ್ತಿತ್ತೇನೋ." ಅಂದರೆ ಸ್ಟೌಟ್‌ನಲ್ಲೂ ಜಾತಿಗಳಿವೆ. ಅರೇಬಿಕಾಗೂ ರೊಬಸ್ಟಾಗೂ ಒಂದೇ ಹದದಲ್ಲಿ ಹುರಿಯುವುದಿಲ್ಲ ಅಲ್ವಾ? ಹಾಗೇ ಇದೂ. ಗೊತ್ತುಮಾಡಿಕೊಳ್ಳದೆ ಮುಂದಿನ ಚೀಲ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಶುರು ಮಾಡಿದ್ದು ಬಾರ್ಲಿಯಿಂದ. ಬಾರ್ಲಿ ನೀರು ಕಾಯಿಸಲು ದಿನಸಿ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನೇ ಒಂದು ಕೆಜಿ ತಂದೆ. ಮೊದಲು ಮೊಳಕೆ ಬರಿಸಲು ನೋಡಿದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ರಾಗಿ ಮೊಳಕೆ ಕಟ್ಟಿದ ಮನೆಯಲ್ಲಿ ಬೆಳೆದವನಿಗೆ ಇದೇನು ಹೊಸದಲ್ಲ. ಆದರೆ ಮೂರು ದಿನ ಕಳೆದರೂ ಒಂದು ಕಾಳೂ ಬಾಯಿ ಬಿಡಲಿಲ್ಲ. ಅಂಗಡಿಯ ಬಾರ್ಲಿ ಸಿಪ್ಪೆ ಹೋಗುವ ಹಾಗೆ ಉಜ್ಜಿದ ಕಾಳು, ಅದರ ಜೊತೆಗೆ ಮೊಳಕೆಯ ಕಣ್ಣೂ ಹೋಗಿರುತ್ತದೆ. ಸರಿ, ಮೊಳಕೆಯಿಲ್ಲದೆಯೇ ಹುರಿದೆ. ಆಮೇಲೆ ತಿಳಿಯಿತು, ಐರಿಶ್ ಡ್ರೈ ಸ್ಟೌಟ್‌ಗೆ ಹಾಕುವುದೂ ಮೊಳಕೆ ಬರಿಸದೆ ಹುರಿದ ಬಾರ್ಲಿಯನ್ನೇ.

ಸ್ಯಾಂಪಲ್ ರೋಸ್ಟರಿನಲ್ಲಿ 200 ಗ್ರಾಂನಂತೆ ಮೂರು ಹದ ತೆಗೆದೆ. ಒಂದು ಇಟ್ಟಿಗೆ ಬಣ್ಣ, ಒಂದು ಕಾಫಿ ಬಣ್ಣ, ಒಂದು ಇದ್ದಿಲು. ಹೊಗೆ ಮನೆ ಕಡೆ ಹೋಯಿತು. ಅಮ್ಮ ಹಿತ್ತಲ ಬಾಗಿಲಿಂದಲೇ ಕೂಗಿದರು. "ಏನೋ ಅದು, ಹುರಿಹಿಟ್ಟು ಮಾಡ್ತಿದ್ದೀಯೇನೋ?" ಹತ್ತು ನಿಮಿಷ ಬಿಟ್ಟು ಮತ್ತೆ ಅವರೇ ಬಂದು, "ಈಗ ಕಾಫಿ ಘಮ ಬರ್ತಿದೆ" ಅಂದರು. ಅವತ್ತು ರೋಸ್ಟರಿನಲ್ಲಿ ಒಂದು ಕಾಫಿ ಬೀಜವೂ ಇರಲಿಲ್ಲ.

ಮೂರನ್ನೂ ಪುಡಿ ಮಾಡಿ, ಕಾಫಿಗೆ ಮಾಡುವ ಹಾಗೇ ಬಿಸಿನೀರು ಹುಯ್ದು ರುಚಿ ನೋಡಿದೆ. ಇಟ್ಟಿಗೆ ಬಣ್ಣದ್ದು ಹುರಿದ ಕಡಲೆಕಾಯಿ, ರೊಟ್ಟಿಯ ಕೆಂಪು ಅಂಚು. ಕಾಫಿ ಬಣ್ಣದ್ದು ನಿಜಕ್ಕೂ ಕಾಫಿಯ ಹತ್ತಿರ, ಆದರೆ ಹಣ್ಣಿನ ಹುಳಿ ಇಲ್ಲ. ಇದ್ದಿಲಿನದು ಸೀದ ಪಾತ್ರೆ ತೊಳೆದ ನೀರು. ಗೆಳೆಯ ಕೊರಿಯರಿನಲ್ಲಿ ಚಾಕೊಲೇಟ್ ಮಾಲ್ಟ್, ಬ್ಲ್ಯಾಕ್ ಮಾಲ್ಟ್ ಎರಡೂ ಒಂದೊಂದು ಹಿಡಿ ಕಳಿಸಿದ್ದ. ಅವನ್ನೂ ಪಕ್ಕದಲ್ಲಿಟ್ಟೆ. ಚಾಕೊಲೇಟ್ ಮಾಲ್ಟ್‌ನಲ್ಲಿ ಚಾಕೊಲೇಟ್ ಇರುವುದಿಲ್ಲ, ಅದು ಬಣ್ಣಕ್ಕೆ ಬಂದ ಹೆಸರು. ಆದರೂ ರುಚಿಯಲ್ಲಿ ಒಂಚೂರು ಕೋಕೋ ಸಿಗುತ್ತದೆ. ಇಷ್ಟು ಮಾಡಿದ ಮೇಲೆ ಸ್ಟೌಟ್ ಅರ್ಧ ಅರ್ಥವಾದ ಹಾಗಾಯಿತು.

ಇದರ ಹಿಂದಿನ ಕಥೆ ನಮ್ಮ ಕಸುಬಿಗೂ ಸೇರಿದ್ದು. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಅನ್ನುವವನು ಮಾಲ್ಟನ್ನು ತಿರುಗುವ ಕಬ್ಬಿಣದ ಡ್ರಮ್ಮಿನಲ್ಲಿ ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಯಂತ್ರ ಕಾಫಿ ಹುರಿಯುವ ಡ್ರಮ್ಮಿನ ತರಹದ್ದೇ. ಅದಕ್ಕೆ ಮೊದಲು ಲಂಡನ್ನಿನ ಪೋರ್ಟರ್ ಬಿಯರಿಗೆ ಕಂದು ಮಾಲ್ಟ್ ರಾಶಿ ರಾಶಿ ಬೇಕಿತ್ತು. ಆಮೇಲೆ ಬಿಳಿ ಮಾಲ್ಟೇ ಜಾಸ್ತಿ ಹಾಕಿ, ಬಣ್ಣಕ್ಕೂ ಘಮಕ್ಕೂ ಒಂದಿಷ್ಟು ಕರಿ ಮಾಲ್ಟ್ ಸೇರಿಸಿದರೆ ಸಾಕಾಯಿತು. ಗಟ್ಟಿ ಪೋರ್ಟರಿಗೆ 'ಸ್ಟೌಟ್ ಪೋರ್ಟರ್' ಅನ್ನುತ್ತಿದ್ದರು. ಬರುಬರುತ್ತಾ ಪೋರ್ಟರ್ ಬಿದ್ದುಹೋಗಿ ಸ್ಟೌಟ್ ಉಳಿಯಿತು. ಇವತ್ತಿಗೂ ಡ್ರೈ ಸ್ಟೌಟ್‌ನ 100 ಕೆಜಿ ಧಾನ್ಯದಲ್ಲಿ ಹುರಿದ ಬಾರ್ಲಿ ಸುಮಾರು 10 ಕೆಜಿ. ಆ ಹತ್ತೇ ಇಡೀ ಗ್ಲಾಸನ್ನು ಕಪ್ಪು ಮಾಡುತ್ತದೆ. ಹಾಗಾಗಿ ಬಣ್ಣ ನೋಡಿ ಯಾವ ಸ್ಟೌಟ್ ಅಂತ ಹೇಳುವುದು ಆಗದ ಮಾತು. ಆ ಕಪ್ಪಿನ ಅಡಿಯಲ್ಲಿ ಏನು ಉಳಿದಿದೆ ಅಂತ ಹುಡುಕಬೇಕು. ಸಿಹಿ ಉಳಿದಿದೆಯಾ, ಗಂಜಿಯಂಥ ಮಂದ ಇದೆಯಾ, ಆಲ್ಕೋಹಾಲ್ ಎಷ್ಟು.

ಹುಡುಕಲು ಬಿಯರ್ ಬೇಕಲ್ಲ. ದೀಪಾವಳಿಗೆ ಚಿಕ್ಕಪ್ಪನ ಮಗ ಹೆಂಡತಿ ಜೊತೆ ಲಂಡನ್ನಿನಿಂದ ಬರುವವನಿದ್ದ. ವಿಮಾನದಲ್ಲಿ ಬರುವವರು ಸುಂಕ ಕಟ್ಟದೆ ತಲಾ 2 ಲೀಟರ್ ತರಬಹುದು. ನಾಲ್ಕು ಬಗೆ ಬರೆದು ಕಳಿಸಿದೆ. ಐದನೆಯದು ಶ್ರೀಲಂಕಾದ ಲಯನ್ ಸ್ಟೌಟ್, ಕೊಲಂಬೊಗೆ ಹೋಗಿದ್ದ ಪರಿಚಯದವರು ತಂದುಕೊಟ್ಟರು.

ಟೇಬಲ್ ಜೋಡಿಸಿದ್ದು ಕಾಫಿಗೆ ಜೋಡಿಸುವ ಹಾಗೇ. ಐದು ಒಂದೇ ತರಹದ ಗ್ಲಾಸು, ಬುಡಕ್ಕೆ ನಂಬರ್ ಚೀಟಿ, ಒಂದೊಂದರಲ್ಲಿ 60 ಎಂಎಲ್. ಪಕ್ಕದಲ್ಲಿ ನೀರು, ಉಪ್ಪಿಲ್ಲದ ಅಕ್ಕಿರೊಟ್ಟಿ ಚೂರು. ಕ್ಯಾನುಗಳನ್ನು ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಟ್ಟಿದ್ದೆ. ಥರ್ಮಾಮೀಟರ್ ಹಾಕಿ ನೋಡಿದರೆ 12 ಡಿಗ್ರಿ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಘಮ ಏಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಐದೂ ಒಂದೇ ಅನಿಸುವುದು ಆಗಲೇ.

ನಾನು, ತಮ್ಮ, ಬೆಂಗಳೂರಿನ ಗೆಳೆಯ, ನಮ್ಮ ಭಾವ. ಭಾವನಿಗೆ ತೋಟ ಬಿಟ್ಟರೆ ಬೇರೆ ಲೋಕವಿಲ್ಲ, ಆದರೆ ಮೂಗು ಬಹಳ ಚುರುಕು. ಚೆರ್ರಿ, ಅಂದರೆ ಕಾಫಿ ಹಣ್ಣು, ಹುಳಿತಿದ್ದರೆ ಕಣದಲ್ಲಿ ನಿಂತೇ ಹೇಳುತ್ತಾರೆ. "ಎಲ್ಲಾ ಒಂದೇ ಡಿಕಾಕ್ಷನ್ ಇದ್ದಂಗಿದೆಯಲ್ಲೋ" ಅಂದರು. "ಭಾವ, ಮೊದಲು ಮೂಸಿ ನೋಡಿ, ಆಮೇಲೆ ಕುಡಿಯಿರಿ" ಅಂದೆ.

ಡ್ರೈ ಸ್ಟೌಟ್‌ಗೆ ಇಟ್ಟಿದ್ದು ಗಿನ್ನೆಸ್ ಡ್ರಾಫ್ಟ್. ಡಬ್ಲಿನ್ನಿನಲ್ಲಿ 1759ರಲ್ಲಿ ಶುರುವಾದ ಮನೆತನದ ಬಿಯರ್. ಕ್ಯಾನು ಅಲ್ಲಾಡಿಸಿದರೆ ಒಳಗೆ ಪ್ಲಾಸ್ಟಿಕ್ ಗುಂಡು ಟಕಟಕ ಅನ್ನುತ್ತದೆ. ಮುಚ್ಚಳ ತೆಗೆದ ಕೂಡಲೇ ಆ ಗುಂಡಿನಿಂದ ನೈಟ್ರೋಜನ್ ಚಿಮ್ಮಿ ಬೆಣ್ಣೆಯಂಥ ನೊರೆ ಏಳುತ್ತದೆ. ಇಂಥ ನೈಟ್ರೋಜನ್ ಕ್ಯಾನು ಮೊದಲು ಬಂದಿದ್ದು 1988ರಲ್ಲಿ, ಗುಂಡಿನ ಆಕಾರ ಬಂದಿದ್ದು ಆಮೇಲೆ. ನೈಟ್ರೋಜನ್ ಬಿಯರಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ, ಗುಳ್ಳೆಗಳೂ ಬಹಳ ಸಣ್ಣ. ಅದಕ್ಕೇ ನಾಲಿಗೆ ಚುಚ್ಚುವುದಿಲ್ಲ. ಎಲ್ಲರೂ "ಅಬ್ಬಾ, ಎಷ್ಟು ಗಟ್ಟಿ" ಅಂದರು. ನನಗೆ ಅನುಮಾನ ಬಂತು. ಒಂದು ಗ್ಲಾಸನ್ನು ಚಮಚದಲ್ಲಿ ಚೆನ್ನಾಗಿ ಕದಡಿ, ನೊರೆ ತೆಗೆದು, ಗಾಳಿ ಹೋಗಲು ಬಿಟ್ಟೆ. ಹತ್ತು ನಿಮಿಷದ ಮೇಲೆ ಕುಡಿದರೆ ತಿಳಿಸಾರು! ಅಷ್ಟು ತೆಳು. ಗಟ್ಟಿ ಅನ್ನಿಸಿದ್ದೆಲ್ಲ ನೊರೆಯ ಕೆಲಸ. ಅಡಿಯಲ್ಲಿದ್ದದ್ದು ಹುರಿದ ಬಾರ್ಲಿಯ ಶುದ್ಧ ಕಹಿ, ನುಂಗಿದ ಮೇಲೆ ಬಾಯಿ ಒಣಗುವುದು. ಸಿಹಿ ಉಳಿಯುವುದೇ ಇಲ್ಲ, ಡ್ರೈ ಅನ್ನುವುದು ಅದಕ್ಕೇ. ಆಲ್ಕೋಹಾಲ್ ಶೇ 4.2 ಮಾತ್ರ. ನಮ್ಮಲ್ಲಿ ಸ್ಟ್ರಾಂಗ್ ಅಂತ ಮಾರುವ ಹಳದಿ ಬಿಯರುಗಳಲ್ಲಿ ಶೇ 8ರವರೆಗೆ ಇರುತ್ತದೆ. ಕಪ್ಪಗಿದ್ದರೆ ಸ್ಟ್ರಾಂಗು ಅನ್ನುವ ನನ್ನ ಇಷ್ಟು ವರ್ಷದ ನಂಬಿಕೆ ಆ ಲೇಬಲ್ ಓದಿದಾಗ ಹೋಯಿತು.

ಮಿಲ್ಕ್ ಸ್ಟೌಟ್ ಮತ್ತು ಓಟ್‌ಮೀಲ್ ಸ್ಟೌಟ್ ನಮ್ಮನ್ನು ನಿಜಕ್ಕೂ ಸತಾಯಿಸಿದವು. ಮಿಲ್ಕ್ ಸ್ಟೌಟ್‌ನಲ್ಲಿ ಹಾಲು ಇರುವುದಿಲ್ಲ, ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇರುತ್ತದೆ. ಬಿಯರಿನ ಯೀಸ್ಟ್ ಮಾಲ್ಟಿನ ಸಕ್ಕರೆಯನ್ನು ತಿನ್ನುತ್ತದೆ, ಲ್ಯಾಕ್ಟೋಸ್ ಅದಕ್ಕೆ ಜೀರ್ಣವಾಗುವುದಿಲ್ಲ. ಹಾಗಾಗಿ ಅದು ಹಾಗೇ ಉಳಿದು ಸಿಹಿಯಾಗಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಮ್ಯಾಕೆಸನ್ ಹೆಸರಿನ ಮಿಲ್ಕ್ ಸ್ಟೌಟ್ 1907ರಿಂದ ಮಾರಾಟಕ್ಕಿತ್ತು. ಹಾಲು ಕುಡಿದರೆ ಹೊಟ್ಟೆ ಕೆಡುವವರು ಮಾತ್ರ ಇದನ್ನು ನೋಡಿಕೊಂಡು ಕುಡಿಯಬೇಕು. ಲ್ಯಾಕ್ಟೋಸ್ ಅಂದರೆ ಲ್ಯಾಕ್ಟೋಸೇ.

ಓಟ್‌ಮೀಲ್‌ನಲ್ಲಿ ಮಾಲ್ಟಿನ ಜೊತೆ ಸ್ವಲ್ಪ ಓಟ್ಸ್ ಬೇಯುತ್ತದೆ. ಓಟ್ಸ್ ಗಂಜಿ ಕುಡಿದವರಿಗೆ ಆ ಲೋಳೆ ಗೊತ್ತು. ಅದೇ ನುಣುಪು ಬಿಯರಿನಲ್ಲಿ ಉಳಿಯುತ್ತದೆ. ಎರಡೂ ಬಾಯಲ್ಲಿ ಮಂದ, ಎರಡೂ ಮೃದು. ಬೇರೆ ಮಾಡುವುದು ಹೇಗೆ?

ಕಾಫಿಯಲ್ಲಿ ನಾವು ಮಾಡುವ ಟ್ರಯಾಂಗಲ್ ಟೆಸ್ಟನ್ನೇ ಮಾಡಿದೆವು. ಮೂರು ಗ್ಲಾಸಿನಲ್ಲಿ ಎರಡು ಒಂದೇ, ಒಂದು ಬೇರೆ. ಆ ಬೇರೆಯದನ್ನು ಹಿಡಿಯಬೇಕು. ಒಂದೊಂದು ಗುಟುಕಿನಷ್ಟೇ ಹುಯ್ದು ಆರು ಸಲ ಆಡಿದೆವು. ಮೊದಲ ಸಂಜೆ ನಾನು ಮೂರು ಸಲ ಸರಿ. ದಾರಿ ತೋರಿಸಿದ್ದು ಭಾವ. ಅವರು ಪ್ರತಿ ಗುಟುಕಿನ ಮೇಲೆ ನೀರು ಕುಡಿದು ಸುಮ್ನೆ ಕೂತಿದ್ದರು. "ನೀರು ಕುಡಿದ ಮೇಲೂ ಒಂದು ನಾಲಿಗೆ ತುದೀಲಿ ಸಿಹಿ ಬಿಡ್ತದೆ. ಇನ್ನೊಂದು ಸಿಹಿ ಇಲ್ಲ, ಕೆನ್ನೆ ಒಳಗೆ ಮೆತ್ತಿಕೊಳ್ತದೆ ನೋಡು" ಅಂದರು. ಅಷ್ಟೇ ವಿಷಯ. ತುದಿಯಲ್ಲಿ ಸಿಹಿ ಇದ್ದರೆ ಲ್ಯಾಕ್ಟೋಸ್, ಕೆನ್ನೆಗೆ ಮೆತ್ತಿದರೆ ಓಟ್ಸ್. ಮಾರನೇ ಸಂಜೆ ಆರರಲ್ಲಿ ಐದು ಸರಿ ಬಂತು. ಭಾವನಿಗೆ ಆರಕ್ಕೆ ಆರು.

ಲಯನ್ ಸ್ಟೌಟ್ ಬೇರೆಯೇ ಲೋಕ. ಶೇ 8.8. ಮೂಸಿದರೆ ಜೋನಿಬೆಲ್ಲ, ಒಣದ್ರಾಕ್ಷಿ, ಮಾಗಿದ ಬಾಳೆ. ಸುಟ್ಟ ಕಹಿ ಹಿಂದೆಲ್ಲೋ ಇದೆ. ಇದನ್ನು ಟ್ರಾಪಿಕಲ್ ಸ್ಟೌಟ್ ಅನ್ನುತ್ತಾರೆ. ಹಡಗಿನಲ್ಲಿ ದೂರ ಹೋಗುವ ಬಿಯರ್ ಕೆಡಬಾರದು ಅಂತ ಜಾಸ್ತಿ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು), ಜಾಸ್ತಿ ಆಲ್ಕೋಹಾಲ್ ಇಟ್ಟು ಮಾಡುತ್ತಿದ್ದರು. ಗಿನ್ನೆಸ್‌ನವರು 1801ರಲ್ಲೇ ವೆಸ್ಟ್ ಇಂಡಿಯಾ ಪೋರ್ಟರ್ ಅಂತ ಒಂದನ್ನು ಮಾಡಿದ್ದರು. ಆ ಸಾಲಿನಿಂದ ಬಂದು ಜಮೈಕಾ, ಶ್ರೀಲಂಕಾದಂಥ ಬಿಸಿಲ ನಾಡುಗಳಲ್ಲಿ ಸಿಹಿಯಾಗಿ ಬೇರುಬಿಟ್ಟಿದ್ದು ಇದು. ಐದರಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ನಮ್ಮ ಊರಿನ ಬೆಲ್ಲದ ನೆನಪು ಬೇರೆ ಯಾವುದರಲ್ಲೂ ಬರಲಿಲ್ಲ.

ಇಂಪೀರಿಯಲ್ ಸ್ಟೌಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 18ನೇ ಶತಮಾನದ ಕೊನೆಗೆ ಲಂಡನ್ನಿನಿಂದ ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿದ್ದ ಬಿಯರಿನಿಂದ ಬಂದ ಹೆಸರು. ಸಾಮಾನ್ಯವಾಗಿ ಶೇ 8ರಿಂದ 12. ಎಲ್ಲವೂ ಅತಿ: ಸಿಹಿ, ಕಹಿ, ಸುಡುವ ಗಂಟಲು. 30 ಎಂಎಲ್ ಸಾಕು. ಕಡೆಯಲ್ಲೇ ಇಡಬೇಕು, ಅದಾದ ಮೇಲೆ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ.

ಇಷ್ಟು ತಿಳಿದ ಮೇಲೆ ಮತ್ತೆ ಕಾಫಿಗೆ ಬಂದೆ. ಡ್ರೈ ಸ್ಟೌಟ್‌ನಲ್ಲಿ ಹುರಿದ ರುಚಿ ಧಾರಾಳವಾಗಿದೆ, ಹಣ್ಣಿನ ಹುಳಿ ಇಲ್ಲ. ಅದನ್ನು ಕಾಫಿ ಕೊಡಬೇಕು. ಅರೇಬಿಕಾದ ಎಸ್ 795 ತಳಿಯ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಬೀಜ, ತೆಗೆದುಕೊಂಡೆ. ಎರಡನೇ ಕ್ರ್ಯಾಕ್, ಅಂದರೆ ಹುರಿಯುವಾಗ ಬೀಜ ಎರಡನೇ ಸಲ ಚಟಪಟ ಸಿಡಿಯುವುದು, ಬರುವ ಮೊದಲೇ ಇಳಿಸಿದೆ. ಬೀಜದ ಮೇಲೆ ಒಂದು ಹನಿ ಎಣ್ಣೆ ಕಾಣಬಾರದು. ನಾಲ್ಕು ದಿನ ಇಟ್ಟು ಕಳಿಸಿದೆ. ಪುಡಿ ಬೇಡ, ಇಡೀ ಬೀಜವನ್ನೇ ಬಲೆಚೀಲದಲ್ಲಿ ಕಟ್ಟಿ ಹುದುಗಿ ಮುಗಿದ ತಣ್ಣನೆಯ ಬಿಯರಿನಲ್ಲಿ 24 ಗಂಟೆ ಇಳಿಬಿಡು ಅಂದೆ. ಲೀಟರಿಗೆ 5 ಗ್ರಾಂ. ಮತ್ತೆ 20 ಲೀಟರಿನ ಪ್ರಯೋಗ, 100 ಗ್ರಾಂ ಬೀಜ.

ಒಂದು ಸಲ ಹದ ಇನ್ನೂ ಎಳೆಯದಾಗಿ ಇಳಿಸಿದ್ದೆ. ಎರಡು ವಾರದ ಮೇಲೆ ಆ ಬಿಯರಿನಲ್ಲಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ ಬಂತು. ಅದನ್ನು ಚೆಲ್ಲಿದೆವು. ಅದಕ್ಕಿಂತ ಒಂದೂವರೆ ನಿಮಿಷ ಜಾಸ್ತಿ ಹುರಿದದ್ದು ಸರಿಹೋಯಿತು. ಮಿಲ್ಕ್ ಸ್ಟೌಟ್‌ಗಾದರೆ ಇನ್ನೂ ಸ್ವಲ್ಪ ಗಾಢ ಹದ, ಕಾಲು ಭಾಗ ರೊಬಸ್ಟಾ ಪಾರ್ಚ್‌ಮೆಂಟ್ ಸೇರಿಸಿದರೂ ನಡೆಯುತ್ತದೆ. ನಾವು ಹಾಲು ಹಾಕಿ ಕುಡಿಯುವ ಕಾಫಿಯ ಲೆಕ್ಕವೇ ಅದು. ಇಂಪೀರಿಯಲ್‌ಗೆ ಕಾಫಿ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ, ಗೆಳೆಯ ಒಪ್ಪುವುದಿಲ್ಲ. ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನಂತೂ ಯಾವ ಸ್ಟೌಟ್‌ಗೂ ಹಾಕಬೇಡಿ.

ಜನವರಿಯಲ್ಲಿ ಅವನು 500 ಲೀಟರ್ ಮಾಡಿದ. ಅವತ್ತು ನಾನು ಬೆಂಗಳೂರಿಗೆ ಹೋಗಿದ್ದೆ. ಗ್ಲಾಸು ಮುಂದೆ ಇಟ್ಟ. ಇಬ್ಬರೂ ಮಾತಾಡದೆ ನೊರೆಯನ್ನೇ ನೋಡುತ್ತಾ ಕೂತೆವು. ಅರ್ಧ ಗ್ಲಾಸಿಗೆ ಬಂದರೂ ಬೆರಳಷ್ಟು ನೊರೆ ನಿಂತೇ ಇತ್ತು. ಮೊದಲು ಹುರಿದ ಬಾರ್ಲಿ ಬಂತು, ಆಮೇಲೆ ಕಿತ್ತಳೆಯ ತೆಳು ಹುಳಿ. ಅದು ನಮ್ಮ ತೋಟದ ಕಾಫಿಯದು. ಈ ಸಲದ ಕೊಯ್ಲಿನಲ್ಲಿ ಓಟ್‌ಮೀಲ್ ಸ್ಟೌಟ್‌ಗೆ ಅಂತ ಒಂದು ಚೀಲ ಅರೇಬಿಕಾ ಚೆರ್ರಿಯನ್ನು ಬೇರೆಯಾಗಿ ಒಣಗಿಸಿ ಇಟ್ಟಿದ್ದೇನೆ. ಚೀಲದ ಮೇಲೆ ಭಾವನೇ ಇದ್ದಿಲಿನಲ್ಲಿ 'ಗಂಜಿ' ಅಂತ ಬರೆದಿದ್ದಾರೆ.