ಗಿಟಾರ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ಅಳೆದು ನೋಡಿ

ಮೊದಲ ಗಿಟಾರ್ ಕೊಳ್ಳುವವರು ಸಾಮಾನ್ಯವಾಗಿ ಒಂದು ಮಾಡೆಲ್ ಹೆಸರು ಬರೆದುಕೊಂಡು ಹೊರಡುತ್ತಾರೆ. ಆದರೆ ಒಂದೇ ಮಾಡೆಲ್‌ನ ಎರಡು ಗಿಟಾರ್ ಪಕ್ಕಪಕ್ಕ ಇಟ್ಟು ನುಡಿಸಿದರೆ ಒಂದು ಕೈಗೆ ಸಲೀಸಾಗಿ ಒಗ್ಗುತ್ತದೆ, ಇನ್ನೊಂದು ಹತ್ತೇ ನಿಮಿಷಕ್ಕೆ ಬೆರಳು ಉರಿಸುತ್ತದೆ. ಮರ ಎಲ್ಲ ಕಡೆ ಒಂದೇ ಥರ ಒಣಗುವುದಿಲ್ಲ. ಅದರ ಮೇಲೆ, ಸಾಗಾಟದಲ್ಲಿ ಎಲ್ಲೂ ತಂತಿ ಫ್ರೆಟ್‌ಗೆ (ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗೆ) ತಾಗಿ ಗರಗರ ಎನ್ನದಿರಲಿ ಎಂದು ಕಾರ್ಖಾನೆಯವರು ತಂತಿಗಳನ್ನು ಸ್ವಲ್ಪ ಎತ್ತರದಲ್ಲೇ ಬಿಟ್ಟಿರುತ್ತಾರೆ. ಅದನ್ನು ನುಡಿಸುವ ಎತ್ತರಕ್ಕೆ ಇಳಿಸುವ ಕೆಲಸವೇ ಸೆಟಪ್. ಒಳ್ಳೆಯ ಸಣ್ಣ ಅಂಗಡಿಗೆ ಹೋಗಬೇಕಾದ ದೊಡ್ಡ ಕಾರಣವೂ ಅದೇ.

ಅಂಗಡಿ ಹೇಗಿದೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: "ಸೆಟಪ್ ಮಾಡಿ ಕೊಡ್ತೀರಾ?" ಒಳಗಡೆ ಮೇಜಿನ ಮೇಲೆ ಸಣ್ಣ ಅರಗಳು, ಅಲೆನ್ ಕೀಗಳು, ಬಿಚ್ಚಿಟ್ಟ ಗಿಟಾರ್ ಒಂದು ಕಾಣಿಸಿದರೆ ಧೈರ್ಯವಾಗಿ ಕೂರಿ. "ಕಂಪನಿಯಿಂದಲೇ ಸೆಟ್ ಆಗಿ ಬಂದಿದೆ ಸಾರ್" ಎಂಬ ಉತ್ತರ ಬಂದರೆ, ಅಥವಾ ಪೆಟ್ಟಿಗೆ ಒಡೆಯಲು ಹಿಂದೇಟು ಹಾಕಿದರೆ, ಬೇರೆ ಅಂಗಡಿ ನೋಡುವುದು ಒಳ್ಳೆಯದು. ಯಾರು ನುಡಿಸುತ್ತಾರೆ, ಯಾವ ಥರದ ಸಂಗೀತ, ಕೈ ಎಷ್ಟು ದೊಡ್ಡದು ಎಂದೆಲ್ಲ ಬೆಲೆ ಹೇಳುವ ಮೊದಲೇ ಕೇಳುವ ಅಂಗಡಿಯವರು ನಂಬಿಕೆಗೆ ಅರ್ಹರು.

ಶನಿವಾರ ಸಂಜೆ ಹೋಗಬೇಡಿ, ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋಗಿ. ಜೊತೆಗೆ ಅರ್ಧ ಮಿಲಿಮೀಟರ್ ಗೆರೆಗಳಿರುವ ಸಣ್ಣ ಸ್ಟೀಲ್ ಸ್ಕೇಲ್, ಒಂದು ವಿಸಿಟಿಂಗ್ ಕಾರ್ಡ್, ಫೋನಿನಲ್ಲಿ ಟ್ಯೂನರ್ ಆಪ್ ಇರಲಿ. ತಂತಿ ಒತ್ತುವ ಕೈಯ ಉಗುರು ಕತ್ತರಿಸಿಕೊಂಡಿರಿ.

ಮೊದಲು ತೀರ್ಮಾನಿಸಬೇಕಾದದ್ದು ಸ್ಟೀಲ್ ತಂತಿಯೋ ನೈಲಾನೋ ಎಂಬುದನ್ನು. ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿದು ನುಡಿಸುವುದಾದರೆ ಸ್ಟೀಲ್ ತಂತಿಯ ಅಕೌಸ್ಟಿಕ್. ಅದರ ನೆಕ್, ಅಂದರೆ ಉದ್ದನೆಯ ಕತ್ತು, ನಟ್ (ತಲೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ) ಬಳಿ ಸುಮಾರು 43 ಮಿ.ಮೀ. ಅಗಲ ಇರುತ್ತದೆ. ಬೆರಳಲ್ಲಿ ಮೀಟುವ ಕ್ಲಾಸಿಕಲ್ ಗಿಟಾರ್‌ಗೆ ನೈಲಾನ್ ತಂತಿ, ಅಗಲ ಸುಮಾರು 52 ಮಿ.ಮೀ. ಬೆರಳು ನೋಯುತ್ತದೆ ಎಂದು ಸ್ಟೀಲ್ ಗಿಟಾರ್‌ಗೆ ನೈಲಾನ್ ಹಾಕಿದರೆ ದನಿಯೇ ಹೊರಡುವುದಿಲ್ಲ. ಉಲ್ಟಾ ಮಾಡಿದರೆ ಇನ್ನೂ ಕಷ್ಟ. 12–53 ಗೇಜಿನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ) ಸ್ಟೀಲ್ ಸೆಟ್ 70 ಕೆ.ಜಿ.ಗೂ ಮಿಕ್ಕಿ ಎಳೆಯುತ್ತದೆ, ಕ್ಲಾಸಿಕಲ್ ಗಿಟಾರ್ ತಡೆಯುವುದು ಅದರ ಅರ್ಧದಷ್ಟನ್ನು ಮಾತ್ರ. ಕೆಲವೇ ವಾರಗಳಲ್ಲಿ ಬ್ರಿಡ್ಜ್, ಅಂದರೆ ದೇಹದ ಮೇಲೆ ತಂತಿಗಳನ್ನು ಹಿಡಿದಿಟ್ಟ ಮರದ ತುಂಡು, ಕಿತ್ತು ಬರಬಹುದು. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ 36 ಇಂಚಿನ ಮುಕ್ಕಾಲು ಅಳತೆಯದು ಸಾಕು. "ಬೆಳೆಯುತ್ತಾನೆ ಬಿಡಿ" ಎಂದು ದೊಡ್ಡದು ಕೊಡಿಸಿದರೆ ಭುಜ ನೋಯಿಸಿಕೊಂಡು ಮಗು ಕಲಿಯುವುದನ್ನೇ ಬಿಡುತ್ತದೆ.

ಇನ್ನು ಕೈಯಲ್ಲಿ ಗಿಟಾರ್ ಇಟ್ಟುಕೊಂಡು ನೋಡುವ ಕೆಲಸ. ಮೊದಲು ಶ್ರುತಿ ಮಾಡಿ, ಏಕೆಂದರೆ ಸಡಿಲ ತಂತಿಯಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ. ಟ್ಯೂನಿಂಗ್ ಕೀ ತಿರುಗಿಸುವಾಗ ನಟ್‌ನಲ್ಲಿ "ಟಿಂಕ್" ಎಂದು ಸದ್ದಾಗಿ ಶ್ರುತಿ ಒಮ್ಮೆಗೇ ಹಾರಿದರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಅಲ್ಲಿ ಪೆನ್ಸಿಲ್ ಸೀಸ ಉಜ್ಜಿದರೆ ಬಹಳ ಸಲ ಸರಿಹೋಗುತ್ತದೆ.

ಸ್ಟೀಲ್ ಗಿಟಾರ್‌ನ ನೆಕ್ ನೋಡುವುದು ಹೀಗೆ: 6ನೇ (ಅತಿ ದಪ್ಪದ) ತಂತಿಯನ್ನು ಎಡಗೈಯಿಂದ ಒಂದನೇ ಫ್ರೆಟ್‌ನಲ್ಲಿ, ಬಲಗೈಯಿಂದ ನೆಕ್ ದೇಹಕ್ಕೆ ಸೇರುವ 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನೇರವಾದ ಅಳತೆಪಟ್ಟಿ. ಏಳನೇ ಫ್ರೆಟ್‌ನ ಮೇಲೆ ತಂತಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣಬೇಕು, 0.15ರಿಂದ 0.3 ಮಿ.ಮೀ. ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ನುಸುಳಿದರೆ ಸರಿ. ಬೆಳಕೇ ಕಾಣದಿದ್ದರೆ ಮೊದಲ ಕೆಲವು ಫ್ರೆಟ್‌ಗಳಲ್ಲಿ ಗರಗರ ಸದ್ದು ಬರುತ್ತದೆ. ಕಾರ್ಡ್ ಸಡಿಲವಾಗಿ ಆಡಿದರೆ ನೆಕ್ ಬಾಗಿದೆ. ಎರಡಕ್ಕೂ ಮದ್ದು ಟ್ರಸ್ ರಾಡ್, ಅಂದರೆ ನೆಕ್‌ನ ಒಳಗಿರುವ ಲೋಹದ ಸರಳು. ಅಂಗಡಿಯವರಿಗೇ ಹೇಳಿ ನಿಮ್ಮ ಕಣ್ಣೆದುರಿಗೆ ಕಾಲು ಸುತ್ತು ತಿರುಗಿಸಿಸಿ. ತಿರುಗಿಸಿದ ಮೇಲೆ ಆ ಬೆಳಕು ಬದಲಾಗಲೇಬೇಕು. ಬದಲಾಗದಿದ್ದರೆ, ಅಥವಾ ಆ ಸರಳಿನ ತಿರುಪು ತಿರುಗಲು ಒಪ್ಪದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಗಿಟಾರ್ ಬೇಡ.

ಆಮೇಲೆ ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ. 12ನೇ ಫ್ರೆಟ್‌ನ ತಲೆಯ ಮೇಲೆ ಸ್ಕೇಲ್ ನಿಲ್ಲಿಸಿ, ತಂತಿಯ ಕೆಳಅಂಚಿನವರೆಗೆ ಅಳೆಯಿರಿ. ಸ್ಟೀಲ್ ಗಿಟಾರ್‌ನಲ್ಲಿ 6ನೇ ತಂತಿಗೆ 2.5, 1ನೇ (ಅತಿ ತೆಳುವಾದ) ತಂತಿಗೆ 2 ಮಿ.ಮೀ. ಚೆನ್ನ, ಕ್ಲಾಸಿಕಲ್‌ನಲ್ಲಿ ಸುಮಾರು 4 ಮತ್ತು 3. ಹೊಸ ಸ್ಟೀಲ್ ಗಿಟಾರ್‌ನಲ್ಲಿ 3.5 ಸಿಕ್ಕರೆ ಗಾಬರಿ ಬೇಡ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ತೆಳು ಪಟ್ಟಿ) ಉಜ್ಜಿ ಇಳಿಸಬಹುದು. ಆದರೆ ಲೆಕ್ಕ ನೆನಪಿರಲಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಸವೆಯಬೇಕು. ಹಾಗಾಗಿ ಸ್ಯಾಡಲ್ ಬ್ರಿಡ್ಜ್‌ನಿಂದ ಎಷ್ಟು ಮೇಲೆ ಕಾಣುತ್ತಿದೆ ನೋಡಿ. 2 ಮಿ.ಮೀ. ಕೂಡ ಇಲ್ಲ, ಆಕ್ಷನ್ ಮಾತ್ರ ಎತ್ತರ ಎಂದಾದರೆ ಇಳಿಸಲು ಜಾಗವೇ ಇಲ್ಲ. ಉಳಿಯುವುದು ನೆಕ್ ಬಿಚ್ಚಿ ಕೋನ ಸರಿಮಾಡಿ ಕೂರಿಸುವ ದುಬಾರಿ ಕೆಲಸ. ಹಳೆಯ ಗಿಟಾರ್ ಕೊಳ್ಳುವವರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ.

ನಟ್ ಎತ್ತರವನ್ನು ಯಾರೂ ನೋಡುವುದಿಲ್ಲ, ಆದರೆ ಕಲಿಯುವವರನ್ನು ಗೋಳು ಹೊಯ್ದುಕೊಳ್ಳುವುದು ಅದೇ. ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್‌ಗಳ ನಡುವೆ ಒತ್ತಿ, ಒಂದನೇ ಫ್ರೆಟ್ ಮೇಲೆ ನೋಡಿ: ತಂತಿ ಅಲ್ಲಿ ತಾಗಿಯೂ ತಾಗದಂತೆ ಇರಬೇಕು. ಕಣ್ಣಿಗೆ ಹೊಡೆಯುವಷ್ಟು ಅಂತರ ಇದ್ದರೆ ಎಫ್ ಎಂಬ ಸ್ವರಗುಚ್ಛ ಹಿಡಿಯಲು ಬಾರದೆ "ನನ್ನ ಬೆರಳಿಗೆ ಶಕ್ತಿ ಇಲ್ಲ" ಎಂದು ಎಷ್ಟೋ ಜನ ಗಿಟಾರನ್ನೇ ಮೂಲೆಗಿಡುತ್ತಾರೆ. ಅರ ಹಿಡಿದು ನಟ್‌ನ ಕಚ್ಚು ಇಳಿಸುವುದು ಕೈಪಳಗಿದವರಿಗೆ ಸಣ್ಣ ಕೆಲಸ. ಹೆಚ್ಚು ಇಳಿಸಿದರೆ ಹೊಸ ನಟ್ ಹಾಕಬೇಕಾಗುತ್ತದೆ, ಆದ್ದರಿಂದ ಮನೆಯಲ್ಲಿ ಪ್ರಯತ್ನಿಸಬೇಡಿ.

ಆರೂ ತಂತಿಗಳಲ್ಲಿ ಒಂದೊಂದು ಫ್ರೆಟ್ ಒತ್ತಿ ನುಡಿಸಿ. ಇಪ್ಪತ್ತು ಫ್ರೆಟ್ ಎಂದರೆ 120 ಸ್ವರ, ಐದಾರು ನಿಮಿಷದ ಮಾತು. ಒಂದೇ ಜಾಗದಲ್ಲಿ ಗರಗರ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಬಳಿಕ 12ನೇ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿ, ಮತ್ತೆ ಅಲ್ಲೇ ಒತ್ತಿ ಮೀಟಿ. ಟ್ಯೂನರ್‌ನಲ್ಲಿ ಎರಡರ ನಡುವೆ 5 ಸೆಂಟ್‌ಗಿಂತ (ಸೆಂಟ್ ಎಂದರೆ ಪಕ್ಕಪಕ್ಕದ ಎರಡು ಫ್ರೆಟ್‌ಗಳ ಶ್ರುತಿಯ ಅಂತರದಲ್ಲಿ ನೂರರಲ್ಲೊಂದು ಪಾಲು) ಹೆಚ್ಚು ವ್ಯತ್ಯಾಸ ಬರಬಾರದು. ಬಂದರೆ ಮೊದಲು ಹೊಸ ತಂತಿ ಹಾಕಿಸಿ ನೋಡಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ತೂಗಿದ ತಂತಿ ಅಪಶ್ರುತಿ ಹಾಡುತ್ತದೆ. ಆಕ್ಷನ್ ಇಳಿಸಿದ ಮೇಲೂ, ಹೊಸ ತಂತಿಗೂ ಹಾಗೇ ಇದ್ದರೆ ಬಿಟ್ಟುಬಿಡಿ.

ಬ್ರಿಡ್ಜ್‌ನ ಹಿಂಬದಿ ಅಂಚಿಗೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. "ಸಾಲಿಡ್ ಟಾಪ್" (ಮೇಲ್ಭಾಗ ಪದರವಿಲ್ಲದ ಮರದ್ದು) ಎಂದು ಹೇಳಿದರೆ ಸೌಂಡ್‌ಹೋಲ್‌ನ, ಅಂದರೆ ದೇಹದ ನಡುವಿನ ದುಂಡು ರಂಧ್ರದ, ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಒಂದೇ ಹಲಗೆ, ಪದರ ಕಂಡರೆ ಪ್ಲೈವುಡ್. ಯಮಹಾ ಎಫ್310 ಪ್ಲೈ ಟಾಪ್‌ನದು, ಎಫ್‌ಜಿ800 ಸಾಲಿಡ್. ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಅದು. ಹಾಗೆಂದು ಪ್ಲೈ ಕೆಟ್ಟದ್ದಲ್ಲ, ಮಂಗಳೂರು, ಕಾರವಾರದ ಮಳೆಗಾಲಕ್ಕೆ ಅದೇ ಹೆಚ್ಚು ತಾಳುತ್ತದೆ. ವಿವರದಲ್ಲಿ "ಈಸ್ಟ್ ಇಂಡಿಯನ್ ರೋಸ್‌ವುಡ್" ಎಂದು ಕಂಡರೆ ಅದು ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆಯ ಜಾತಿಯೇ, ಲೋಕದ ಒಳ್ಳೊಳ್ಳೆಯ ಗಿಟಾರ್‌ಗಳ ಬೆನ್ನಿಗೆ ಬಳಸುವ ಮರ.

ಪಿಕಪ್ (ದನಿಯನ್ನು ಸ್ಪೀಕರಿಗೆ ಕಳಿಸುವ ವಿದ್ಯುತ್ ಭಾಗ) ಇದ್ದರೆ ಆಂಪ್ಲಿಫೈಯರ್‌ಗೆ ಹಾಕಿ ಎಲ್ಲ ನಾಬ್ ತಿರುಗಿಸಿ, ಜ್ಯಾಕ್ ಅಲ್ಲಾಡಿಸಿ. ಎಡಗೈಯವರು ಬಲಗೈ ಗಿಟಾರ್‌ಗೆ ತಂತಿ ತಿರುಗಿಸಿ ಹಾಕಿಸಿಕೊಳ್ಳಬೇಡಿ. ನಟ್‌ನ ಕಚ್ಚು, ಸ್ಯಾಡಲ್‌ನ ಓರೆ ಎರಡೂ ತಪ್ಪುತ್ತವೆ. ಎಡಗೈ ಗಿಟಾರ್‌ಗೇ ಆರ್ಡರ್ ಕೊಟ್ಟು ಕಾಯಿರಿ.

ಬೆಲೆಯ ಮಾತಿಗೆ ಬಂದಾಗ ಆನ್‌ಲೈನ್ ದರ ತೋರಿಸಿ ಐನೂರು ರೂಪಾಯಿಗೆ ಜಗ್ಗಾಡುವುದಕ್ಕಿಂತ ಸೆಟಪ್, ಒಂದು ಸೆಟ್ ಹೊಸ ತಂತಿ, ಮೂರು ತಿಂಗಳೊಳಗೆ ಇನ್ನೊಂದು ಸಲ ನೋಡಿಕೊಡುವ ಮಾತು ಕೇಳಿ. ಬಿಲ್‌ನಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಬರೆಸಿ. ಅದರ ಹಿಂದೆಯೇ ಅಂದಿನ 12ನೇ ಫ್ರೆಟ್ ಅಳತೆಯನ್ನೂ ತಾರೀಖಿನೊಂದಿಗೆ ಗುರುತು ಹಾಕಿಕೊಳ್ಳಿ.

ಗಿಟಾರ್‌ಗೆ ಹಿತವಾದ ತೇವಾಂಶ ಶೇ. 45ರಿಂದ 55. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುತ್ತದೆ. ಕರಾವಳಿಯ ಮಳೆಯಲ್ಲಿ ಟಾಪ್ ಉಬ್ಬಿ ತಂತಿ ಮೇಲೇಳುತ್ತದೆ. ಮೊದಲ ಮಳೆಗಾಲ ಶುರುವಾಗಿ ತಿಂಗಳಾದ ಮೇಲೆ ಅದೇ ಸ್ಕೇಲ್ ಹಿಡಿದು ಮತ್ತೆ ಅಳೆಯಿರಿ. ಬಿಲ್ಲಿನ ಹಿಂದೆ ಬರೆದದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚಿದ್ದರೆ ಗಿಟಾರನ್ನೂ ಬಿಲ್ಲನ್ನೂ ತೆಗೆದುಕೊಂಡು ಅಂಗಡಿಗೆ ಹೋಗಿ.