ಮೊದಲು ಕಾಗದ, ಆಮೇಲೆ ಟೋಕನ್: ಹಳೇ ಮನೆ ಕೊಂಡ ನನ್ನ ಅನುಭವ

ಬೆಂಗಳೂರಲ್ಲಿ ಟೋಕನ್ (ಮುಂಗಡ ಹಣ) ಕೊಡದೆ ಕಾಗದದ ಜೆರಾಕ್ಸ್ ಕೇಳಿದರೆ ಮನೆ ಸಿಗಲ್ಲ ಅಂತ ಬ್ರೋಕರ್‌ಗಳೆಲ್ಲ ನಕ್ಕಿದ್ದರು. ಸಿಕ್ಕಿತು. 20x30ರ ಹಳೇ ಮನೆ, ತೊಂಬತ್ತು ಲಕ್ಷದ ಆಸುಪಾಸು.

‘ಇಸಿ (ಋಣಭಾರ ಪತ್ರ, ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ಕ್ಲೀನಿದೆ’ ಅನ್ನೋ ಮಾತನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಬರುವುದು 2004ರ ಏಪ್ರಿಲ್‌ನಿಂದ ಈಚಿನದು. ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ತೆಗೆಸಬೇಕು. ಈಗಿನ ಖಾತಾ ನಂಬರಿನ ಜೊತೆಗೆ ಹಳೇ ಸರ್ವೆ ನಂಬರು, ಸೈಟ್ ನಂಬರು ಹಾಕಿಯೂ ಹುಡುಕಿಸಿ. ಕ್ರಯಪತ್ರಗಳನ್ನು ಸಾಲಾಗಿ ಹರಡಿಕೊಂಡು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ. ನಮ್ಮದರಲ್ಲಿ ಮದರ್ ಡೀಡ್‌ನ (ಆಸ್ತಿಯ ಮೂಲ ಪತ್ರದ) ಪೂರ್ವಕ್ಕಿದ್ದ ರಸ್ತೆ ಮುಂದಿನ ಪತ್ರದಲ್ಲಿ ಪಶ್ಚಿಮಕ್ಕೆ ಹೋಗಿತ್ತು! ಮಾರುವವರ ಖರ್ಚಿನಲ್ಲೇ ತಿದ್ದುಪಡಿ ಪತ್ರ ರಿಜಿಸ್ಟರ್ ಮಾಡಿಸಿದ ಮೇಲೆಯೇ ಮುಂದಿನ ಮಾತು.

ಪಾಲಿನ ದಾವೆ ಹೂಡಿದ್ದರೂ ಇಸಿಯಲ್ಲಿ ಕಾಣದೇ ಹೋಗಬಹುದು. ಕೋರ್ಟ್ ಕೇಸುಗಳನ್ನು ಹುಡುಕುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು, ಇನಿಷಿಯಲ್ ಹಿಂದೆ ಮುಂದೆ ಮಾಡಿ ಹಾಕಿ ನೋಡಿದೆ. ಸುಮ್ಮನೆ ಪ್ರಯೋಗಕ್ಕೆ ಅಂತ ಶುರು ಮಾಡಿದ್ದು, ಮುಂಚಿನ ಒಂದು ವ್ಯವಹಾರ ಮುರಿದದ್ದೇ ಇದರಿಂದ. ವಕೀಲರಿಗೆ ಕೊಟ್ಟ ಹತ್ತು-ಹದಿನೈದು ಸಾವಿರ ಹೋಯಿತು, ಲಕ್ಷಗಳು ಉಳಿದವು.

ಮನೆ ಮಾರುವವರ ತಂದೆಯ ಸ್ವಯಾರ್ಜಿತ, ವಿಲ್ ಇಲ್ಲ ಅಂದರೆ ಹೆಂಡತಿ, ಹೆಣ್ಣುಮಕ್ಕಳಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ 2005ರ ತಿದ್ದುಪಡಿಯ ತಕರಾರು ಇಲ್ಲಿ ಬರುವುದೇ ಇಲ್ಲ. ‘ತಂಗಿಯರು ಸಾಕ್ಷಿ ಹಾಕ್ತಾರೆ ಬಿಡಿ’ ಅಂದರೆ ಒಪ್ಪಬೇಡಿ. ರಿಜಿಸ್ಟರ್ಡ್ ಹಕ್ಕು ಖುಲಾಸೆ ಪತ್ರ ಆಗಿರಬೇಕು, ಇಲ್ಲವೇ ಅವರೂ ಮಾರುವವರಾಗಿಯೇ ಸಹಿ ಹಾಕಬೇಕು. ತವರಿನ ಮೇಲೆ ಮುನಿಸಿಕೊಂಡಿದ್ದ ತಂಗಿಯನ್ನು ಒಪ್ಪಿಸಿದ ಬಗೆ ನನ್ನ ಹತ್ತಿರವೇ ಇರಲಿ.

ಅಗ್ರಿಮೆಂಟ್ ಕರಡು ನಮ್ಮ ಕಡೆಯಿಂದಲೇ ಹೋಗಬೇಕು. ಟೋಕನ್ ಐವತ್ತು ಸಾವಿರ, ಚೆಕ್‌ನಲ್ಲಿ. ಹಕ್ಕಿನಲ್ಲಿ ದೋಷ ಕಂಡರೆ ಅಥವಾ ಬ್ಯಾಂಕಿನ ಲೀಗಲ್‌ನವರು ಒಪ್ಪದಿದ್ದರೆ ಹದಿನೈದು ದಿನದಲ್ಲಿ ಪೂರ್ತಿ ವಾಪಸ್ ಅಂತ ಬರೆಸಿದೆ. ಸ್ವಾಧೀನ ಕೊಟ್ಟಿದ್ದೇವೆ ಅನ್ನುವ ಸಾಲು ನುಸುಳದಂತೆ ನೋಡಿಕೊಳ್ಳಿ. ನುಸುಳಿದರೆ ಅಗ್ರಿಮೆಂಟಿಗೇ ಕ್ರಯಪತ್ರದ ಮುದ್ರಾಂಕ ಶುಲ್ಕ ಬೀಳುತ್ತದೆ. ಮಾರುವವರ ಮೇಲೆ ಹನ್ನೆರಡು ಲಕ್ಷದಷ್ಟು ಸಾಲ ಬಾಕಿ ಇತ್ತು. ಆ ದುಡ್ಡನ್ನು ಅವರ ಕೈಗೆ ಕೊಡದೆ ನೇರ ಲೋನ್ ಖಾತೆಗೇ ಕಟ್ಟಿದೆ. ಬ್ಯಾಂಕಿನಲ್ಲಿರುವ ಮೂಲಪತ್ರಗಳ ಪಟ್ಟಿಯನ್ನು ಅದಕ್ಕೂ ಮೊದಲೇ ತರಿಸಿದ್ದೆ.

ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಏಳು ಲಕ್ಷದ ಹತ್ತಿರ ಹೋಯಿತು. ಬೆಲೆ ಐವತ್ತು ಲಕ್ಷ ಮುಟ್ಟಿದ ಮೇಲೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ನಾವೇ ಹಿಡಿದು ಕಟ್ಟಬೇಕು. ಮಾರುವವರ ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಅದೇ ಶೇ 20 ಆಗುತ್ತದೆ.